ಜ್ವರ ಸೈನೋ, ಸಿಂಪ್ಟಮೋ?

ಜ್ವರವನ್ನು ಸೈನ್ ಅನ್ನಬೇಕಾ, ಸಿಂಪ್ಟಮ್ ಅನ್ನಬೇಕಾ ಅಂತ ಕೇಳಿದ್ದೀರಿ. ಎರಡೂ ಸರಿ. ಮೈ ಬಿಸಿ, ಚಳಿ ಆಗ್ತಿದೆ ಅಂತ ರೋಗಿ ಹೇಳಿದರೆ ಸಿಂಪ್ಟಮ್. ಥರ್ಮಾಮೀಟರ್ 102 ಡಿಗ್ರಿ ತೋರಿಸಿದರೆ ಸೈನ್. ರೋಗಿಗೆ ಅನಿಸುವುದು ಸಿಂಪ್ಟಮ್, ಬೇರೆಯವರು ನೋಡಿ, ಮುಟ್ಟಿ, ಅಳೆದು ಕಂಡುಕೊಳ್ಳುವುದು ಸೈನ್.

ತಲೆನೋವು, ವಾಕರಿಕೆ ಇವೆಲ್ಲ ರೋಗಿ ಹೇಳಿದರೇ ಗೊತ್ತಾಗೋದು. ಬಿಪಿ ಇದಕ್ಕೆ ಉಲ್ಟಾ. 160/100 ಇದ್ದರೂ ಎಷ್ಟೋ ಜನರಿಗೆ ಏನೂ ಅನಿಸುವುದೇ ಇಲ್ಲ. ಅದಕ್ಕೇ ಆರಾಮಾಗಿದ್ದೀನಿ ಅಂತ ಸುಮ್ನೆ ಕೂರಬಾರದು, ಚೆಕ್ ಮಾಡಿಸಬೇಕು.

ಕೆಲವು ಸಲ ಎರಡೂ ಜೊತೆಗೇ ಬರುತ್ತವೆ. ಕಾಲು ಭಾರ, ಚಪ್ಪಲಿ ಬಿಗಿ ಅಂತ ರೋಗಿ ಹೇಳುತ್ತಾರೆ. ಡಾಕ್ಟರ್ ಪಾದದ ಗಂಟಿನ ಮೇಲ್ಗಡೆ ಹೆಬ್ಬೆರಳಿಂದ ಒತ್ತಿ ಬಿಡುತ್ತಾರೆ. ಗುಳಿ ಬಿದ್ದು ಹಾಗೇ ಉಳಿದರೆ ಆ ಗುಳಿ ಸೈನ್, ಭಾರ ಅನ್ನೋದು ಸಿಂಪ್ಟಮ್.