ಮಗುವಿಗೊಂದು ಪಾಠ ತಯಾರು ಮಾಡಬೇಕಾ?

ಪ್ರಶ್ನೆ: ನಾನು ಐದನೇ ತರಗತಿಯ ಟೀಚರ್. ಒಬ್ಬ ಹುಡುಗ ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತಾನೆ, ಓದು ಅಂದರೆ ತಡವರಿಸುತ್ತಾನೆ. ಒಬ್ಬಳು ಕಿವಿಗೆ ಮಷೀನು ಹಾಕಿಕೊಂಡು ಬರುತ್ತಾಳೆ. ಇನ್ನೊಬ್ಬ ಹತ್ತು ನಿಮಿಷವೂ ಕೂತಲ್ಲಿ ಕೂರುವುದಿಲ್ಲ. ಕೆಲವರು ಲೆಕ್ಕ ಬೇಗ ಮುಗಿಸಿ ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಪಾಠ ತಯಾರು ಮಾಡಿ ಸಾಕಾಗಿದೆ. ಏನು ಮಾಡಲಿ?

ಉತ್ತರ: ಬೇರೆ ಬೇರೆ ಪಾಠ ಬೇಡವೇ ಬೇಡ ಮೇಡಂ. ಪಾಠ ಒಂದೇ ಇರಲಿ. ಅದನ್ನು ತಿಳಿದುಕೊಳ್ಳಲು, ತಿಳಿದದ್ದನ್ನು ತೋರಿಸಲು ಒಂದಕ್ಕಿಂತ ಜಾಸ್ತಿ ದಾರಿ ಇರಲಿ.

ಮೊದಲು ಓದಲು ತಡವರಿಸುವ ಹುಡುಗನ ವಿಷಯ. ಇಂಥ ಮಕ್ಕಳಿಗೆ ‘ದಡ್ಡ’ ಅನ್ನೋ ಹೆಸರು ಬೇಗ ಅಂಟುತ್ತದೆ, ಅದು ನನಗೆ ತುಂಬಾ ಸಂಕಟದ ವಿಷಯ. ನನ್ನ ಕ್ಲಾಸಿನಲ್ಲೂ ಒಬ್ಬನಿದ್ದ. ‘ಒದ್ದೆ ಬಟ್ಟೆ ಗಾಳಿಗೆ ಬೇಗ ಒಣಗುವುದು ಯಾಕೆ?’ ಅಂತ ಪ್ರಶ್ನೆಪತ್ರಿಕೆಯಲ್ಲಿತ್ತು. ಅವನು ‘ಒದ್ದೆ’ಯ ಒತ್ತಕ್ಷರದಲ್ಲೇ ಸಿಕ್ಕಿಕೊಂಡ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತೇಹೋಗಿತ್ತು. ಪಕ್ಕದಲ್ಲಿ ಕೂತು ಓದಿ ಹೇಳಿದೆ. ‘ಬಟ್ಟೆ ಹತ್ತಿರ ಇರೋ ಆವಿಯನ್ನ ಗಾಳಿ ಎತ್ಕೊಂಡು ಹೋಗುತ್ತೆ ಟೀಚರ್’ ಅಂದ. ಅವನಿಗೆ ವಿಜ್ಞಾನ ಗೊತ್ತಿತ್ತು. ಪತ್ರಿಕೆ ಅಳೆಯುತ್ತಿದ್ದದ್ದು ಓದನ್ನು.

ಹಾಗಾಗಿ ವಿಜ್ಞಾನದ ಹೊತ್ತಿನಲ್ಲಿ ಪ್ರಶ್ನೆ ನೀವೇ ಓದಿ ಹೇಳಿ. ಉತ್ತರ ಬಾಯಲ್ಲೋ ಚಿತ್ರದಲ್ಲೋ ಬರಲಿ. ಹಾಗಂತ ಓದು ಕಲಿಸುವುದನ್ನು ಕೈಬಿಡಬೇಡಿ. ದಿನಾ ಸ್ವಲ್ಪ ಹೊತ್ತು ಯಾವ ಅಕ್ಷರಕ್ಕೆ ಯಾವ ಸದ್ದು ಅನ್ನೋದನ್ನು ಹಂತ ಹಂತವಾಗಿ ಕಲಿಸಿ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯಲು ತೊಡಕಾಗುವ ತೊಂದರೆ, ಇರುವ ಬಹಳಷ್ಟು ಮಕ್ಕಳಿಗೆ ಪದದೊಳಗಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದೇ ಕಷ್ಟ, ಬುದ್ಧಿಗೆ ಏನೂ ಕಮ್ಮಿ ಇರುವುದಿಲ್ಲ. ನಿಮ್ಮ ಕ್ಲಾಸಿನ ಹುಡುಗನಿಗೆ ಅದೇ ಇದೆಯಾ ಅಂತ ತಜ್ಞರು ನೋಡಿ ಹೇಳಲಿ. ಅಲ್ಲೀವರೆಗೆ ನೀವು ಸುಮ್ನೆ ಕಾಯಬೇಕಾಗಿಲ್ಲ. ಮತ್ತೆ, ದಿಢೀರ್ ಅಂತ ಎಲ್ಲರೆದುರು ಎದ್ದು ನಿಲ್ಲಿಸಿ ಓದಿಸಬೇಡಿ. ಯಾವ ಪ್ಯಾರಾ ಅಂತ ಹಿಂದಿನ ದಿನವೇ ಹೇಳಿ, ಮನೆಯಲ್ಲಿ ಓದಿಕೊಂಡು ಬರಲಿ.

ಮಷೀನು ಹಾಕಿಕೊಂಡ ಹುಡುಗಿ: ಬೋರ್ಡಿಗೆ ಮುಖ ಮಾಡಿ ಮಾತಾಡಿದರೆ ಅವಳಿಗೆ ಅರ್ಧ ಪಾಠ ತಪ್ಪಿಹೋಗುತ್ತದೆ. ಮಷೀನು ನಿಮ್ಮ ದನಿಯ ಜೊತೆ ಬೆಂಚು ಎಳೆದ ಸದ್ದನ್ನೂ ಜೋರು ಮಾಡುತ್ತದೆ. ಬರೆದು ಮುಗಿಸಿ, ಆಮೇಲೆ ತಿರುಗಿ ಮಾತಾಡಿ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಗೆ ಕಾಣುತ್ತದೆ, ತುಟಿ ಅಲುಗಾಡುವುದು ತಿಳಿಯುವುದಿಲ್ಲ. ಹಿಂದಿನ ಬೆಂಚಿನವರು ಹೇಳಿದ ಉತ್ತರವನ್ನು ನೀವೊಮ್ಮೆ ಹೇಳಿ.

ಕೂರದ ಹುಡುಗನಿಗೆ ಎರಡೆರಡೇ ಲೆಕ್ಕ ಕೊಡಿ. ಮಾಡಿ ತಂದು ತೋರಿಸಲಿ, ಮತ್ತೆರಡು ತಗೊಂಡು ಹೋಗಲಿ. ಬೇಗ ಮುಗಿಸುವವರಿಗೆ ಅದೇ ಥರದ್ದು ಇನ್ನೂ ಹತ್ತು ಕೊಡುವುದು ಶಿಕ್ಷೆ. ಅದೇ ಉತ್ತರ ಬರುವ ಹೊಸ ಲೆಕ್ಕ ನೀವೇ ಕಟ್ಟಿ ಅನ್ನಿ.

ನಾಳೆಯೇ ಏನಾದರೂ ಶುರು ಮಾಡಬೇಕು ಅಂದರೆ, ಪ್ರಶ್ನೆ ಕೇಳಿ ಸ್ವಲ್ಪ ಕಾಯಿರಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಮಾತುಕತೆಯನ್ನು ಟೇಪ್ ಮಾಡಿ ನೋಡಿದರು. ಟೀಚರುಗಳು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. 3 ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಹಿಂದುಳಿದವರು ಅನ್ನಿಸಿಕೊಂಡ ಮಕ್ಕಳೂ ಬಾಯಿಬಿಟ್ಟರು.

ಪ್ರಶ್ನೆ: ನನ್ನ ಮಗಳ ಕ್ಲಾಸಿನಲ್ಲಿ ಒಬ್ಬನಿಗೆ ಮಾತ್ರ ಪರೀಕ್ಷೆಗೆ ಜಾಸ್ತಿ ಸಮಯ ಕೊಡುತ್ತಾರೆ. ಉಳಿದವರಿಗೆ ಅನ್ಯಾಯ ಅಲ್ವಾ?

ಉತ್ತರ: ಅಲ್ಲ. ಪರೀಕ್ಷೆ ಏನನ್ನು ಅಳೆಯುತ್ತಿದೆ ಅಂತ ಕೇಳಿಕೊಳ್ಳಿ. ಎಷ್ಟು ಬೇಗ ಓದುತ್ತಾರೆ ಅನ್ನೋದನ್ನೇ ಅಳೆಯುವ ಪರೀಕ್ಷೆಯಾದರೆ ನಿಮ್ಮ ಮಾತು ಸರಿ. ಗಣಿತಕ್ಕೆ, ಇತಿಹಾಸಕ್ಕೆ ವೇಗ ಬೇಕಾಗಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 24ನೇ ವಿಧಿಯೂ ಮಗುವಿಗೆ ಅಗತ್ಯವಾದ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತದೆ. ಆ ಹುಡುಗನಿಗೆ ಹೆಚ್ಚು ಸಮಯ ಸಿಕ್ಕಿದರೆ ನಿಮ್ಮ ಮಗಳ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಅವಳಿಗೂ ಸಮಯ ಸಾಲುತ್ತಿಲ್ಲ ಅನಿಸಿದರೆ, ಎಲ್ಲಿ ನಿಧಾನವಾಗುತ್ತಿದೆ ಅಂತ ಅವಳ ಟೀಚರ್ ಜೊತೆ ಕೂತು ಉತ್ತರಪತ್ರಿಕೆ ನೋಡಿ.