ಪಾಲು ಬಿಟ್ಟುಕೊಡಿ, ಆದರೆ ಮೊದಲು ಬ್ಯಾಂಕಿಗೆ ಹೋಗಿ

ವಿಜಯಪುರದ ಶಾಲಾ ಶಿಕ್ಷಕಿಯೊಬ್ಬರ ಪತ್ರ: "2018ರಲ್ಲಿ ನಾನೂ ತಮ್ಮನೂ ಸೇರಿ ಜಲನಗರದ ಕಡೆ ಮನೆ ಕೊಂಡೆವು. ಖರೀದಿ ಪತ್ರದಲ್ಲಿ ಇಬ್ಬರ ಹೆಸರಿದೆ, ಬ್ಯಾಂಕ್ ಸಾಲದಲ್ಲೂ ಇಬ್ಬರ ಹೆಸರಿದೆ. ಈಗ ತಮ್ಮನ ಮದುವೆ ನಿಶ್ಚಯವಾಗಿದೆ. ನಿನ್ನ ಪಾಲು ನನ್ನ ಹೆಸರಿಗೆ ಮಾಡಿಕೊಡು, ಉಳಿದ ಕಂತು ನಾನೇ ಕಟ್ಟುತ್ತೇನೆ ಅಂತಾನೆ. ಕೊಡಲು ನನಗೂ ಮನಸ್ಸಿದೆ. ಒಮ್ಮೆ ಬ್ಯಾಂಕಿನಲ್ಲಿ ಕೇಳೋಣ ಅಂದರೆ ಅವ್ವ ಅಳುತ್ತಾಳೆ, ಬೆನ್ನಿಗೆ ಬಿದ್ದ ತಮ್ಮನ ಮೇಲೆ ನಂಬಿಕೆ ಇಲ್ಲೇನು ಅಂತಾಳೆ. ಏನು ಮಾಡಲಿ?"

ಅಕ್ಕೋರೇ, ಪಾಲು ಕೊಡಬೇಕೋ ಬೇಡವೋ ಅನ್ನುವುದನ್ನು ನೀವೇ ತೀರ್ಮಾನಿಸಿದ್ದೀರಿ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ನಿಮ್ಮ ಹೆಸರು ಎರಡು ಕಡೆ ಇದೆ, ಅಲ್ವಾ? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಮನೆಯಿಂದ ಹೆಸರು ಹೋಗುತ್ತದೆ. ಸಾಲದಿಂದ ಹೋಗುವುದಿಲ್ಲ. ಮನೆ ತಮ್ಮನದು, ಸಾಲ ಇಬ್ಬರದು ಅಂತಾಗುತ್ತದೆ.

1872ರ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಸೇರಿ ಸಾಲ ಮಾಡಿದವರಲ್ಲಿ ಯಾರೊಬ್ಬರನ್ನಾದರೂ ಹಿಡಿದು ಬ್ಯಾಂಕು ಪೂರ್ತಿ ಬಾಕಿ ಕೇಳಬಹುದು. ಅರ್ಧ ಅಲ್ಲ, ಪೂರ್ತಿ. 'ತಮ್ಮನೇ ಕಟ್ಟುತ್ತಾನೆ' ಅಂತ ನೀವಿಬ್ಬರೂ ಬಾಂಡ್ ಪೇಪರ್ ಮೇಲೆ ಬರೆದುಕೊಂಡರೂ ಅದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ತಮ್ಮ ಕೆಟ್ಟವನಾಗಬೇಕಿಲ್ಲ, ಅವನ ನೌಕರಿ ಹೋಗಿ ಮೂರು ನಾಲ್ಕು ಕಂತು ತಪ್ಪಿದರೂ ಸಾಕು, ನಿಮ್ಮ ಸಿಬಿಲ್ ಅಂಕವೂ (ಸಾಲ ಸರಿಯಾಗಿ ಕಟ್ಟುತ್ತೀರೋ ಇಲ್ಲವೋ ಅಂತ ತೋರಿಸುವ ಅಂಕ) ಬೀಳುತ್ತದೆ. ಮುಂದೆ ನಿಮಗೇ ಒಂದು ಮನೆ ಬೇಕೆನಿಸಿ ಸಾಲಕ್ಕೆ ಹೋದರೆ, ಈ ಹಳೆ ಸಾಲವನ್ನೂ ನಿಮ್ಮ ಲೆಕ್ಕಕ್ಕೆ ಹಿಡಿಯುತ್ತಾರೆ.

ಅದಕ್ಕೇ ಮೊದಲು ಬ್ಯಾಂಕು. ಮನೆಯ ಮೂಲ ಪತ್ರಗಳೂ ಹೇಗಿದ್ದರೂ ಅಲ್ಲೇ ಇರುತ್ತವೆ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಪಾಲು ವರ್ಗಾಯಿಸಿದರೆ ಸಾಲದ ಷರತ್ತು ಮುರಿದಂತಾಗಬಹುದು. ತಮ್ಮನ ಒಬ್ಬನ ಸಂಬಳಕ್ಕೆ ಉಳಿದ ಸಾಲ ಹೊಂದುತ್ತದೆಯೇ ಅಂತ ನೋಡಿ, ನಿಮ್ಮನ್ನು ಬಿಟ್ಟು ಹೊಸ ಕರಾರು ಮಾಡಿಕೊಡಲು ಕೇಳಿ. ಒಪ್ಪದಿದ್ದರೆ ತಮ್ಮ ಬೇರೆ ಬ್ಯಾಂಕಿನಲ್ಲಿ ತನ್ನ ಹೆಸರಿನಲ್ಲೇ ಸಾಲ ತೆಗೆದು ಇದನ್ನು ತೀರಿಸಲಿ. ಬಡ್ಡಿ ದರ ಬದಲಾಗುತ್ತಿರುವ ಗೃಹಸಾಲವಾದರೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ.

ಬಿಡುಗಡೆ ಪತ್ರದ ಕೆಲಸ ಅಷ್ಟು ಕಷ್ಟವಲ್ಲ. ಅಕ್ಕ ತಮ್ಮನ ನಡುವೆ ಆದ್ದರಿಂದ ಮುದ್ರಾಂಕ ಶುಲ್ಕ ಖರೀದಿಯಷ್ಟು ಜಾಸ್ತಿ ಬರುವುದಿಲ್ಲ. ನೋಂದಣಿ ಮಾತ್ರ ಬೇಕೇ ಬೇಕು. ನೀವು ಮುಂಗಡಕ್ಕೆ ಹಾಕಿದ ಹಣ, ಇಷ್ಟು ವರ್ಷ ಕಟ್ಟಿದ ಕಂತು, ಇದರಲ್ಲಿ ತಮ್ಮ ಏನಾದರೂ ವಾಪಸ್ ಕೊಡುತ್ತಾನೆ ಅಂದರೆ ಆ ಮೊತ್ತ ಪತ್ರದಲ್ಲಿ ಬರಲಿ. ಹಾಗೆ ಹಣ ಪಡೆದರೆ ನಿಮಗೆ ತೆರಿಗೆ ಬೀಳಬಹುದು, ಒಬ್ಬ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಸುಮ್ನೆ ಪ್ರೀತಿಯಿಂದ ಕೊಟ್ಟರೆ ತಮ್ಮನಿಗೆ ಆದಾಯ ತೆರಿಗೆಯ ಚಿಂತೆ ಇಲ್ಲ.

ಇನ್ನು ಅವ್ವ. ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ತಟ್ಟಿದ್ದು ಅದೇ. ಮಕ್ಕಳು ಎಲ್ಲಿ ಬೇರೆಯಾಗುತ್ತಾರೋ ಅನ್ನುವ ಹೆದರಿಕೆ ಅದು, ಅದಕ್ಕೆ ವಾದ ಮಾಡಬೇಡಿ. ಪಕ್ಕದಲ್ಲಿ ಕೂತು, "ಅವ್ವ, ಪಾಲು ಕೊಡಲ್ಲ ಅಂದಿಲ್ಲ, ಸಾಲದಿಂದ ನನ್ನ ಹೆಸರು ತೆಗೆಸಿದ ದಿನವೇ ಸಹಿ ಹಾಕುತ್ತೇನೆ" ಅನ್ನಿ. ತಮ್ಮನಿಗೂ ಅವಳೆದುರೇ ಇದನ್ನೇ ಹೇಳಿ, ಮದುವೆ ಓಡಾಟ ಶುರುವಾಗುವ ಮೊದಲೇ ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ ಬನ್ನಿ. ಅಲ್ಲಿಯವರೆಗೆ ಖಾಲಿ ಹಾಳೆಗಾಗಲಿ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಬೇರೆಯವರಿಗೆ ಕೊಡುವ ಮುಖತ್ಯಾರ ಪತ್ರಕ್ಕಾಗಲಿ ಸಹಿ ಹಾಕಬೇಡಿ, ಯಾರೇ ಅವಸರ ಮಾಡಲಿ.