ಹತ್ತಕ್ಕೆ ಹತ್ತೂ ಪೂರ್ವಕ್ಕೇ: ಬಿಗ್ ಟೆನ್ ಗೆರೆ ಎಳೆದದ್ದು ಎಲ್ಲಿ ತಪ್ಪಿತು?

ನಮಸ್ಕಾರ ಸರ್. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಮಗಳು ಅಯೋವಾ ಯೂನಿವರ್ಸಿಟಿ ಸೇರಿದ ಮೇಲೆ ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡಲು ಶುರು ಮಾಡಿದಿರಿ. ಹಳೆಯ ಫಲಿತಾಂಶ ನೋಡಿದರೆ ಬಿಗ್ ಟೆನ್ (ಅಯೋವಾ ಆಡುವ ಲೀಗ್, ಇಲ್ಲಿ ಲೀಗ್‌ಗೆ ಕಾನ್ಫರೆನ್ಸ್ ಅನ್ನುತ್ತಾರೆ) ಫೈನಲ್‌ನಲ್ಲಿ ಪಶ್ಚಿಮ ಡಿವಿಷನ್ ಹತ್ತು ವರ್ಷದಲ್ಲಿ ಒಂದು ಸಲವೂ ಗೆದ್ದಿಲ್ಲ, ಇದು ಹೇಗೆ ಅಂತ ಮೊದಲನೆಯದು. ನಿಮ್ಮೂರಿನ ಕನ್ನಡಿಗರ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗೆ ಈ ಸಲ 12 ತಂಡ ಬಂದಿವೆ, ಊರಿನ ಪೂರ್ವ, ಪಶ್ಚಿಮ ಅಂತ ಎರಡು ಪೂಲ್ ಮಾಡಿದರೆ ಹೇಗೆ ಅಂತ ಎರಡನೆಯದು. ಮೊದಲನೆಯದು ಅರ್ಥವಾದರೆ ಎರಡನೆಯದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ.

2014ರಲ್ಲಿ ಮೇರಿಲ್ಯಾಂಡ್, ರಟ್ಗರ್ಸ್ ಸೇರಿಕೊಂಡು ಬಿಗ್ ಟೆನ್‌ನಲ್ಲಿ 14 ತಂಡ ಆದವು. (ಹೆಸರು ಬಿಗ್ ಟೆನ್, ತಂಡ ಹದಿನಾಲ್ಕು. ಇದಕ್ಕೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.) 14 ತಂಡ ಒಂದೇ ಸೀಸನ್‌ನಲ್ಲಿ ಎಲ್ಲರ ಮೇಲೂ ಆಡುವುದಕ್ಕೆ ಆಗುವುದಿಲ್ಲ. ಹಾಗಾಗಿ ಏಳೇಳರ ಎರಡು ಗುಂಪು. ಪೂರ್ವದಲ್ಲಿ ಓಹಾಯೋ ಸ್ಟೇಟ್, ಮಿಶಿಗನ್, ಪೆನ್ ಸ್ಟೇಟ್, ಮಿಶಿಗನ್ ಸ್ಟೇಟ್, ಇಂಡಿಯಾನಾ, ಮೇರಿಲ್ಯಾಂಡ್, ರಟ್ಗರ್ಸ್. ಪಶ್ಚಿಮದಲ್ಲಿ ವಿಸ್ಕಾನ್ಸಿನ್, ಅಯೋವಾ, ನೆಬ್ರಾಸ್ಕಾ, ಮಿನೆಸೋಟಾ, ನಾರ್ತ್‌ವೆಸ್ಟರ್ನ್, ಪರ್ಡ್ಯೂ, ಇಲಿನಾಯ್. 2016ರಿಂದ ಪ್ರತಿ ತಂಡಕ್ಕೆ ಒಂಬತ್ತು ಕಾನ್ಫರೆನ್ಸ್ ಪಂದ್ಯ: ಸ್ವಂತ ಗುಂಪಿನಲ್ಲಿ ಆರು, ಎದುರು ಗುಂಪಿನ ಮೇಲೆ ಮೂರು. ಎರಡೂ ಗುಂಪಿನ ಮೊದಲ ಸ್ಥಾನದವರು ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಫೈನಲ್ ಆಡಬೇಕು.

ಈ ವ್ಯವಸ್ಥೆ 2023ರವರೆಗೆ ನಡೆಯಿತು. ಹತ್ತು ಫೈನಲ್, ಹತ್ತೂ ಪೂರ್ವಕ್ಕೆ. ನಿಮ್ಮ ಲೆಕ್ಕ ಸರಿಯಾಗಿದೆ.

ಆದರೆ ಆ ಹತ್ತನ್ನು ಬಿಡಿಸಿ ನೋಡಿ. ಓಹಾಯೋ ಸ್ಟೇಟ್ ಐದು, ಮಿಶಿಗನ್ ಮೂರು, ಮಿಶಿಗನ್ ಸ್ಟೇಟ್ ಒಂದು, ಪೆನ್ ಸ್ಟೇಟ್ ಒಂದು. ಅಂದರೆ ಹತ್ತರಲ್ಲಿ ಎಂಟು ಎರಡೇ ತಂಡಗಳ ಪಾಲು. ಇಂಡಿಯಾನಾ, ಮೇರಿಲ್ಯಾಂಡ್, ರಟ್ಗರ್ಸ್ ಒಂದು ಸಲವೂ ಫೈನಲ್ ಮುಖ ನೋಡಲಿಲ್ಲ. ರಟ್ಗರ್ಸ್ ಅಂತೂ 2016, 2018, 2019 ಮೂರೂ ವರ್ಷ ಒಂಬತ್ತಕ್ಕೆ ಒಂಬತ್ತೂ ಕಾನ್ಫರೆನ್ಸ್ ಪಂದ್ಯ ಸೋತಿತು. 2016ರಲ್ಲಿ ಮಿಶಿಗನ್ ಕೈಯಲ್ಲಿ 78-0. ಇಂಥ ತಂಡ ಇದ್ದ ಗುಂಪನ್ನು "ಬಲಿಷ್ಠ ಡಿವಿಷನ್" ಅಂತ ಸುಮ್ನೆ ಹೇಳಿಬಿಟ್ಟರೆ ಅರ್ಧ ಸತ್ಯ. ಪೂರ್ವದ ತಲೆ ತುಂಬಾ ಎತ್ತರ ಇತ್ತು, ಕಾಲು ಕೆಸರಿನಲ್ಲಿತ್ತು. ಪಶ್ಚಿಮದವರು ಏಳೂ ಜನ ಹೆಚ್ಚು ಕಡಿಮೆ ಒಂದೇ ಎತ್ತರ. ಹತ್ತು ವರ್ಷದಲ್ಲಿ ಅಲ್ಲಿಂದ ನಾಲ್ಕು ಬೇರೆ ಬೇರೆ ತಂಡ ಫೈನಲ್‌ಗೆ ಬಂದವು: ವಿಸ್ಕಾನ್ಸಿನ್ ನಾಲ್ಕು ಸಲ, ಅಯೋವಾ ಮೂರು, ನಾರ್ತ್‌ವೆಸ್ಟರ್ನ್ ಎರಡು, ಪರ್ಡ್ಯೂ ಒಂದು.

ಇನ್ನೊಂದು ವಿಷಯ. ಹತ್ತು ಸೋಲು ಅಂದ ತಕ್ಷಣ ಹತ್ತೂ ಹೀನಾಯ ಸೋಲು ಅಂದುಕೊಳ್ಳಬೇಡಿ. 2014ರದ್ದು ಹೌದು, ಓಹಾಯೋ ಸ್ಟೇಟ್ ತನ್ನ ಮೂರನೇ ಆಯ್ಕೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಇಟ್ಟುಕೊಂಡು ವಿಸ್ಕಾನ್ಸಿನ್‌ಗೆ 59-0 ಬಡಿಯಿತು. ಆದರೆ 2016ರಲ್ಲಿ ವಿಸ್ಕಾನ್ಸಿನ್ 28-7 ಮುಂದಿತ್ತು, ಕೊನೆಗೆ ಪೆನ್ ಸ್ಟೇಟ್‌ಗೆ 38-31ರಲ್ಲಿ ಬಿಟ್ಟುಕೊಟ್ಟಿತು. 2019ರಲ್ಲಿ ಮತ್ತೆ ವಿಸ್ಕಾನ್ಸಿನ್ ಅರ್ಧ ಆಟಕ್ಕೆ 21-7 ಮುಂದೆ, ಮುಗಿದಾಗ 34-21 ಸೋಲು.

ನಿಮ್ಮ ಮಗಳ ಅಯೋವಾದ 2015ರ ಫೈನಲ್ ಅಂತೂ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. 12-0 ದಾಖಲೆಯಲ್ಲಿ (12 ಗೆಲುವು, ಒಂದೂ ಸೋಲಿಲ್ಲ) ಬಂದಿದ್ದರು. ಕೊನೆಯ ಕ್ವಾರ್ಟರ್ ಶುರುವಾಗುತ್ತಲೇ 85 ಯಾರ್ಡ್‌ನ ಒಂದೇ ಪಾಸ್, ಟಚ್‌ಡೌನ್, 13-9. ಆಮೇಲೆ ಒಂಬತ್ತೂವರೆ ನಿಮಿಷ ಉಳಿದಾಗ ಚೆಂಡು ಮಿಶಿಗನ್ ಸ್ಟೇಟ್ ಕೈಗೆ ಹೋಯಿತು. ಹೋದದ್ದು ಟಚ್‌ಡೌನ್ ಆಗುವವರೆಗೆ ವಾಪಸ್ ಬರಲೇ ಇಲ್ಲ. ಒಂಬತ್ತು ನಿಮಿಷಕ್ಕೂ ಜಾಸ್ತಿ, 22 ಪ್ಲೇ (ಒಂದೊಂದು ಸಲದ ಯತ್ನ), 82 ಯಾರ್ಡ್. ಎರಡು ಯಾರ್ಡ್, ಮೂರು ಯಾರ್ಡ್ ಅಂತ ಎಮ್ಮೆ ನಡೆದ ಹಾಗೆ ನಡೆದರು. ಕೊನೆಗೆ 27 ಸೆಕೆಂಡ್ ಉಳಿದಾಗ ಎಲ್‌ಜೆ ಸ್ಕಾಟ್ ಮೂರು ನಾಲ್ಕು ಜನ ಮೈಮೇಲೆ ಬಿದ್ದಿದ್ದರೂ ಕೈ ಚಾಚಿ ಚೆಂಡನ್ನು ಗೆರೆ ದಾಟಿಸಿದ. 16-13. ಆ ಒಂದು ಕೈ ಒಂದಡಿ ಹಿಂದೆ ನಿಂತಿದ್ದರೆ "ಹತ್ತಕ್ಕೆ ಹತ್ತು" ಅನ್ನುವ ಮಾತೇ ಹುಟ್ಟುತ್ತಿರಲಿಲ್ಲ. ಅದಕ್ಕೇ ನಾನು ಹೇಳುವುದು, ಫೈನಲ್ ಒಂದನ್ನೇ ನೋಡಿ ಡಿವಿಷನ್ ತೂಗಬೇಡಿ ಅಂತ.

ಹಾಗಾದರೆ ಯಾವುದನ್ನು ನೋಡಬೇಕು? ಅಡ್ಡ ಪಂದ್ಯಗಳನ್ನು. ಏಳು ತಂಡ ಮೂರು ಮೂರು ಸಲ ಎದುರು ಗುಂಪಿನ ಮೇಲೆ ಆಡಿದರೆ ವರ್ಷಕ್ಕೆ 21 ಪಂದ್ಯ. ಗುಂಪಿನ ಒಳಗಿನ ಪಂದ್ಯಗಳಿಂದ ಏನೂ ಗೊತ್ತಾಗುವುದಿಲ್ಲ. ಅಲ್ಲೂ 21 ಪಂದ್ಯ, ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಗುಂಪು ಎಷ್ಟೇ ಬಡವಾಗಿರಲಿ, ಒಳಗೆ 21 ಗೆಲುವು ಇದ್ದೇ ಇರುತ್ತವೆ. ಪಾಯಿಂಟ್ಸ್ ಟೇಬಲ್‌ನಲ್ಲಿ ಮೇಲಿರುವವನು ಗಟ್ಟಿಗ ಅಂತ ನಮಗೆ ಅನ್ನಿಸುವುದು ಇಲ್ಲೇ. ಅಡ್ಡ ಪಂದ್ಯ ನೋಡಿದರೆ ಪಶ್ಚಿಮದವರ ಹಲ್ಲು ಕಾಣುತ್ತದೆ. 2017ರಲ್ಲಿ ಅಯೋವಾ ತನ್ನ ಕಿನ್ನಿಕ್ ಸ್ಟೇಡಿಯಂನಲ್ಲಿ ಓಹಾಯೋ ಸ್ಟೇಟ್‌ಗೆ 55-24 ಹೊಡೆಯಿತು. 2018ರಲ್ಲಿ ಪರ್ಡ್ಯೂ 49-20. ಎರಡೂ ವರ್ಷ ಓಹಾಯೋ ಸ್ಟೇಟ್ ಕಾನ್ಫರೆನ್ಸ್ ಗೆದ್ದೂ, ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫ್‌ನಿಂದ ಹೊರಗೆ ಉಳಿಯಿತು.

ಹಾಗಂತ ಅನ್ಯಾಯ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅನ್ಯಾಯ ಆದದ್ದು ಪಶ್ಚಿಮಕ್ಕಲ್ಲ, ಪೂರ್ವದ ಎರಡನೇ, ಮೂರನೇ ಸ್ಥಾನದವರಿಗೆ. 2022 ನೋಡಿ. ಕಾನ್ಫರೆನ್ಸ್ ಪಂದ್ಯಗಳಲ್ಲಿ ಮಿಶಿಗನ್ 9-0, ಓಹಾಯೋ ಸ್ಟೇಟ್ 8-1, ಪೆನ್ ಸ್ಟೇಟ್ 7-2, ಮೂರೂ ಪೂರ್ವದವು. ಪಶ್ಚಿಮದಿಂದ ಫೈನಲ್‌ಗೆ ಬಂದದ್ದು 6-3ರ ಪರ್ಡ್ಯೂ. 2023ರಲ್ಲಿ ಪೂರ್ವದ ಈ ಮೂವರದ್ದೂ ಮತ್ತೆ ಅದೇ ಅಂಕಿ, ಪಶ್ಚಿಮದಿಂದ 7-2ರ ಅಯೋವಾ. ಅದೇ ಅಯೋವಾ ಆ ಸೀಸನ್‌ನಲ್ಲಿ ಪೆನ್ ಸ್ಟೇಟ್ ಕೈಯಲ್ಲಿ 31-0 ಸೋತಿತ್ತು. ಸೋಲಿಸಿದವರು ಮನೆಯಲ್ಲಿ ಟಿವಿ ನೋಡಿದರು, ಸೋತವರು ಫೈನಲ್ ಆಡಿ 26-0 ಪೆಟ್ಟು ತಿಂದರು. (ಮಗಳಿಗೆ ಇದನ್ನು ಓದಿ ಹೇಳಬೇಡಿ. ಅಲ್ಲಿ ಡಿಫೆನ್ಸ್‌ಗೆ ದೇವರ ಪಟ್ಟ, ಆಫೆನ್ಸ್ ಬಗ್ಗೆ ಮಾತೆತ್ತಿದರೆ ಬೇಜಾರು ಮಾಡಿಕೊಳ್ಳುತ್ತಾರೆ.)

ತಮಾಷೆ ಏನೆಂದರೆ ಮನೆಯಲ್ಲಿ ಉಳಿದದ್ದೇ ಕೆಲವು ಸಲ ಲಾಭವಾಯಿತು. 2016ರಲ್ಲೂ 2022ರಲ್ಲೂ ಓಹಾಯೋ ಸ್ಟೇಟ್ ಡಿವಿಷನ್ ಗೆಲ್ಲಲಿಲ್ಲ, ಫೈನಲ್ ಆಡಲಿಲ್ಲ, ಆದರೂ ನಾಲ್ಕು ತಂಡಗಳ ರಾಷ್ಟ್ರೀಯ ಪ್ಲೇಆಫ್‌ಗೆ ಹೋಯಿತು. 2016ರಲ್ಲಿ ಅದನ್ನು ಸೋಲಿಸಿ, ಕಾನ್ಫರೆನ್ಸ್ ಕಪ್ ಎತ್ತಿದ ಪೆನ್ ಸ್ಟೇಟ್ ಹೊರಗೆ! ಪೆನ್ ಸ್ಟೇಟ್ ಅಭಿಮಾನಿಗಳ ಮುಂದೆ ಆ ವರ್ಷದ ಮಾತು ಈಗಲೂ ಎತ್ತುವ ಹಾಗಿಲ್ಲ.

ಗೆರೆ ಎಳೆದವರು ದಡ್ಡರಲ್ಲ. 2011ರಲ್ಲಿ ಮೊದಲು ಎಳೆದಾಗ ಭೂಪಟ ನೋಡದೆ ಬಲಾಬಲ ನೋಡಿಯೇ ಎಳೆದಿದ್ದರು. ಲೆಜೆಂಡ್ಸ್, ಲೀಡರ್ಸ್ ಅಂತ ಹೆಸರಿಟ್ಟು, ಓಹಾಯೋ ಸ್ಟೇಟನ್ನು ಒಂದು ಕಡೆ, ಮಿಶಿಗನ್ನನ್ನು ಇನ್ನೊಂದು ಕಡೆ ಹಾಕಿದರು. ಯಾರು ಯಾವ ಗುಂಪು ಅಂತ ಜನಕ್ಕೆ ನೆನಪೇ ಉಳಿಯಲಿಲ್ಲ. 2012ರಲ್ಲಿ ಇನ್ನೊಂದು ಎಡವಟ್ಟು: ಓಹಾಯೋ ಸ್ಟೇಟ್, ಪೆನ್ ಸ್ಟೇಟ್ ಎರಡಕ್ಕೂ ಶಿಕ್ಷೆಯ ಮೇಲೆ ಫೈನಲ್ ನಿಷೇಧ ಇತ್ತು, ಗುಂಪಿನಲ್ಲಿ ಮೂರನೇ ಸ್ಥಾನದ ವಿಸ್ಕಾನ್ಸಿನ್ 4-4 ದಾಖಲೆಯಲ್ಲಿ ಫೈನಲ್‌ಗೆ ಬಂದು ನೆಬ್ರಾಸ್ಕಾವನ್ನು 70-31 ಚಚ್ಚಿಹಾಕಿತು. ಇದೆಲ್ಲ ಆದ ಮೇಲೆ 2014ರಲ್ಲಿ ಸರಳ ದಾರಿ ಹಿಡಿದರು, ಗಡಿಯಾರದ ಪ್ರಕಾರ. ಈಸ್ಟರ್ನ್ ಟೈಮ್‌ನವರು ಪೂರ್ವ, ಸೆಂಟ್ರಲ್ ಟೈಮ್‌ನವರು ಪಶ್ಚಿಮ. ಒಂದು ತಂಡ ಹೆಚ್ಚಾಗಿತ್ತು, ಪರ್ಡ್ಯೂವನ್ನು ಆ ಕಡೆ ತಳ್ಳಿದರು.

ಆಗ ನೆಬ್ರಾಸ್ಕಾ ಮೇಲೆ ಎಲ್ಲರಿಗೂ ಭರವಸೆ. 1994, 1995, 1997ರ ರಾಷ್ಟ್ರೀಯ ಚಾಂಪಿಯನ್. ವಿಸ್ಕಾನ್ಸಿನ್ ಜೊತೆ ಅದೂ ನಿಂತರೆ ತಕ್ಕಡಿ ಸರಿಹೋಗುತ್ತದೆ ಅಂದುಕೊಂಡರು. 2014ರಲ್ಲೇ, ಒಂಬತ್ತು ಪಂದ್ಯ ಗೆದ್ದ ಕೋಚನ್ನು ಸಾಲದು ಅಂತ ಮನೆಗೆ ಕಳಿಸಿದ ನೆಬ್ರಾಸ್ಕಾ, 2017ರಿಂದ 2023ರವರೆಗೆ ಒಂದೇ ಒಂದು ವರ್ಷವೂ ಸೋಲಿಗಿಂತ ಗೆಲುವು ಜಾಸ್ತಿ ಕಾಣಲಿಲ್ಲ. ಅತ್ತ ಪೂರ್ವದಲ್ಲಿ ಕೋಚ್ ಅರ್ಬನ್ ಮೇಯರ್ ಓಹಾಯೋ ಸ್ಟೇಟ್‌ನಲ್ಲಿ ಆಗಲೇ ಇದ್ದ, 2015ರಲ್ಲಿ ಮಿಶಿಗನ್‌ಗೆ ಕೋಚ್ ಆಗಿ ಜಿಮ್ ಹಾರ್ಬಾ ಬಂದ. ಒಂದು ಕಡೆ ಕಂಬ ಬಿತ್ತು, ಇನ್ನೊಂದು ಕಡೆ ಕಂಬ ಎದ್ದಿತು.

ಟಿವಿ ದುಡ್ಡನ್ನು ಸಮ ಹಂಚುತ್ತಿದ್ದರಲ್ಲ, ಮತ್ತೆ ಹೇಗೆ ಅಂತ ಕೇಳಬಹುದು. ದುಡ್ಡು ಅಲ್ಲಿಗೇ ಮುಗಿಯುವುದಿಲ್ಲ ಸರ್. ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಸೀಟು. ಪೆನ್ ಸ್ಟೇಟ್, ಓಹಾಯೋ ಸ್ಟೇಟ್ ಎರಡೂ ಲಕ್ಷದ ಮೇಲೆ. ಈ ಮೂರೂ ಒಂದೇ ಗುಂಪಿನಲ್ಲಿ! ಪಶ್ಚಿಮದಲ್ಲಿ ಲಕ್ಷದ ಸ್ಟೇಡಿಯಂ ಒಂದೂ ಇಲ್ಲ. ಅದಕ್ಕಿಂತ ದೊಡ್ಡದು ಹುಡುಗರು. ಓಹಾಯೋ, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಮೇರಿಲ್ಯಾಂಡ್ ಕಡೆ ಹೈಸ್ಕೂಲ್ ಆಟಗಾರರ ಬೆಳೆ ದಟ್ಟ. ಅಯೋವಾ, ನೆಬ್ರಾಸ್ಕಾದಲ್ಲಿ ಜನವೇ ಕಡಿಮೆ, ಅಲ್ಲಿಯ ಕೋಚ್‌ಗಳು ಹೊಲದ ಹುಡುಗನನ್ನು ತಂದು ನಾಲ್ಕು ವರ್ಷ ತಿದ್ದಿ ತೀಡಬೇಕು.

ಇದು ಬಿಗ್ ಟೆನ್‌ಗೆ ಮಾತ್ರ ಬಂದ ರೋಗ ಅಲ್ಲ. ಬಿಗ್ 12 ಅನ್ನುವ ಇನ್ನೊಂದು ಕಾನ್ಫರೆನ್ಸ್‌ನಲ್ಲಿ 2004ರಿಂದ 2010ರವರೆಗೆ ಏಳೂ ಫೈನಲ್ ದಕ್ಷಿಣ ಡಿವಿಷನ್ ಗೆದ್ದಿತು. 2005ರಲ್ಲಿ ಟೆಕ್ಸಸ್, ಕೊಲರಾಡೋವನ್ನು 70-3 ಸೋಲಿಸಿತು. ದಕ್ಷಿಣದ ರಾಜ್ಯಗಳ ಎಸ್‌ಇಸಿ ಕಾನ್ಫರೆನ್ಸ್‌ನಲ್ಲಿ ಮಾತ್ರ ತಕ್ಕಡಿ ಎರಡೂ ಕಡೆ ವಾಲಿತ್ತು. 1992ರಲ್ಲಿ ಫೈನಲ್ ಶುರುವಾದ ಮೇಲೆ ಮೊದಲ ಒಂಬತ್ತರಲ್ಲಿ ಏಳು ಪೂರ್ವಕ್ಕೆ, ಫ್ಲೋರಿಡಾ, ಟೆನೆಸಿಯ ಕಾಲ ಅದು. 2009ರಿಂದ 2016ರವರೆಗೆ ಎಂಟಕ್ಕೆ ಎಂಟೂ ಪಶ್ಚಿಮಕ್ಕೆ.

ನಮ್ಮ ರಣಜಿಯನ್ನೇ ನೆನೆಯಿರಿ. ವಲಯವಾರು ಲೀಗ್ ಇದ್ದ ಕಾಲದಲ್ಲಿ ದಕ್ಷಿಣದಲ್ಲಿ ಕರ್ನಾಟಕ, ತಮಿಳುನಾಡು, ಹೈದರಾಬಾದ್ ಒಬ್ಬರನ್ನೊಬ್ಬರು ಕಿತ್ತು ತಿನ್ನುತ್ತಿದ್ದರು. ಬಂಗಾಳಕ್ಕೆ ಪೂರ್ವ ವಲಯದಲ್ಲಿ ಬಿಹಾರ, ಒಡಿಶಾ, ಅಸ್ಸಾಂ. ಆದರೂ ಕಪ್ ಮಾತ್ರ 1958-59ರಿಂದ ಸತತ 15 ವರ್ಷ ಪಶ್ಚಿಮ ವಲಯದ ಬಾಂಬೆಗೇ. 1973-74ರಲ್ಲಿ ಅದನ್ನು ಮುರಿದದ್ದು ನಮ್ಮ ಕರ್ನಾಟಕ ಅಂತ ಕನ್ನಡಿಗರಿಗೆ ಹೇಳಬೇಕಾಗಿಲ್ಲ ಅಲ್ವಾ! ರಣಜಿಯವರು 2002-03ರಲ್ಲಿ ವಲಯ ಬಿಟ್ಟು, ಬಲದ ಪ್ರಕಾರ ಎಲೀಟ್, ಪ್ಲೇಟ್ ಅಂತ ಗುಂಪು ಮಾಡಿದರು.

ಬಿಗ್ ಟೆನ್‌ನಲ್ಲೂ ಕೊನೆಗೆ ಗೆರೆ ಅಳಿಸಿದರು. ಫೈನಲ್ ಆಡಿಸಬೇಕಾದರೆ ಡಿವಿಷನ್ ಇರಲೇಬೇಕು ಅನ್ನುವ ಹಳೆಯ ನಿಯಮವನ್ನು ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆಗಳ ಸಂಸ್ಥೆ) 2022ರಲ್ಲಿ ಸಡಿಲ ಮಾಡಿತು. 2024ರಲ್ಲಿ ಆರೆಗನ್, ವಾಷಿಂಗ್ಟನ್, ಯುಎಸ್‌ಸಿ, ಯುಸಿಎಲ್‌ಎ ಬಂದು ಬಿಗ್ ಟೆನ್ 18 ಆಯಿತು, ಒಂದೇ ಟೇಬಲ್, ಮೊದಲ ಇಬ್ಬರು ಫೈನಲ್‌ಗೆ. ಸಮಸ್ಯೆ ಹೋಯಿತಾ? ಇಲ್ಲ, ಮನೆ ಬದಲಾಯಿಸಿತು. 18 ತಂಡದಲ್ಲಿ ಒಂಬತ್ತು ಪಂದ್ಯ ಅಂದರೆ ಎಂಟು ತಂಡದ ಮುಖವನ್ನೇ ನೋಡುವುದಿಲ್ಲ. 2024ರಲ್ಲಿ ಪೆನ್ ಸ್ಟೇಟ್, ಇಂಡಿಯಾನಾ ಎರಡೂ 8-1, ಪರಸ್ಪರ ಆಡಿಯೇ ಇರಲಿಲ್ಲ. ಟೈಬ್ರೇಕರ್ ಮೇಲೆ ಪೆನ್ ಸ್ಟೇಟ್ ಹೋಯಿತು, ಫೈನಲ್‌ನಲ್ಲಿ ಆರೆಗನ್‌ಗೆ 45-37 ಸೋತಿತು. ಈಗ ಜಗಳ ಡಿವಿಷನ್ ಬಗ್ಗೆ ಅಲ್ಲ, ಯಾರ ಶೆಡ್ಯೂಲ್ ಸುಲಭ ಅನ್ನುವುದರ ಬಗ್ಗೆ. ನನ್ನ ಕೇಳಿದರೆ ಇದೇ ವಾಸಿ. ಕನಿಷ್ಠ ಎರಡನೇ ಒಳ್ಳೆಯ ತಂಡಕ್ಕೆ ಬಾಗಿಲು ಮುಚ್ಚಿಲ್ಲ.

ಈಗ ನಿಮ್ಮ ಟೂರ್ನಿ. ನಾವೂ ಇದೇ ತಪ್ಪು ಮಾಡಿದ್ದೆವು. ಹೈವೇಯ ಈ ಕಡೆ ಒಂದು ಪೂಲ್, ಆ ಕಡೆ ಒಂದು. ಆ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಹೊಸದಾಗಿ ಬಂದ ಹುಡುಗರು, ಈ ಕಡೆ ಸ್ವಂತ ಮನೆ ಮಾಡಿಕೊಂಡು ಹೊಟ್ಟೆ ಬಂದ ನಮ್ಮಂಥವರು. ಎರಡು ವರ್ಷ ಫೈನಲ್ ನಡುಮಧ್ಯಾಹ್ನಕ್ಕೇ ಮುಗಿಯಿತು, ಬಿಸಿಬೇಳೆಬಾತ್ ಇನ್ನೂ ಬಂದಿರಲಿಲ್ಲ.

ಹೀಗೆ ಮಾಡಿ. ಕಳೆದ ಎರಡು ವರ್ಷದ ಫಲಿತಾಂಶ ನೋಡಿ ತಂಡಗಳಿಗೆ 1ರಿಂದ 12 ನಂಬರ್ ಕೊಡಿ. ಹೊಸ ತಂಡಗಳನ್ನು ಕೊನೆಗೆ ಹಾಕಿ, ಅವುಗಳ ನಡುವೆ ಚೀಟಿ ಎತ್ತಿಸಿ. ಆಮೇಲೆ ಹಾವಿನ ಹಾಗೆ ಹಂಚಿ: ಒಂದು ಪೂಲ್‌ಗೆ 1, 4, 5, 8, 9, 12, ಇನ್ನೊಂದಕ್ಕೆ 2, 3, 6, 7, 10, 11. ಕೂಡಿ ನೋಡಿ, ಎರಡೂ 39 ಬರುತ್ತದೆ. ಪೂಲ್‌ನಿಂದ ಒಬ್ಬರನ್ನಲ್ಲ, ಇಬ್ಬರನ್ನು ಸೆಮಿಫೈನಲ್‌ಗೆ ತನ್ನಿ, ಈ ಪೂಲ್‌ನ ಮೊದಲನೆಯವರು ಆ ಪೂಲ್‌ನ ಎರಡನೆಯವರ ಮೇಲೆ. ಒಳ್ಳೆಯ ತಂಡ ಎರಡೂ ಒಂದೇ ಪೂಲ್‌ಗೆ ಬಿದ್ದರೂ ಫೈನಲ್‌ನಲ್ಲಿ ಮತ್ತೆ ಸಿಗುತ್ತಾರೆ. ದೂರದ ತೊಂದರೆಗೆ ಪೂಲ್ ಬದಲಿಸಬೇಡಿ, ಗ್ರೌಂಡ್ ಹಂಚುವಾಗ ಹತ್ತಿರದವರಿಗೆ ಬೆಳಗಿನ ಪಂದ್ಯ ಕೊಡಿ, ದೂರದವರಿಗೆ ಮಧ್ಯಾಹ್ನದ್ದು. ಮುಂದಿನ ವರ್ಷ ನಂಬರ್ ಹೊಸದಾಗಿ ಹಾಕಬೇಕು, ಈ ವರ್ಷದ್ದನ್ನೇ ಇಟ್ಟುಕೊಂಡರೆ ನೆಬ್ರಾಸ್ಕಾ ಕಥೆ ಆಗುತ್ತದೆ.

ಚೀಟಿ ಎತ್ತುವಾಗ ಎಲ್ಲ ಕ್ಯಾಪ್ಟನ್‌ಗಳನ್ನೂ ವಿಡಿಯೋ ಕಾಲ್‌ನಲ್ಲಿ ಕೂರಿಸಿ, ಒಂದು ಮಗುವಿನ ಕೈಯಲ್ಲಿ ಎತ್ತಿಸಿ. ನಾವು ಇಬ್ಬರೇ ಕೂತು ಮಾಡಿ ಮೂರು ತಿಂಗಳು ಬೈಸಿಕೊಂಡಿದ್ದೇವೆ. ನನ್ನ ಹತ್ತಿರ ಎಕ್ಸೆಲ್ ಶೀಟ್ ಇದೆ, ತಂಡದ ಹೆಸರು ತುಂಬಿದರೆ 30 ಲೀಗ್ ಪಂದ್ಯದ ವೇಳಾಪಟ್ಟಿ ತಾನೇ ಬರುತ್ತದೆ. ಬೇಕಾದರೆ ಹೇಳಿ, ಇಲ್ಲೇ ಹಾಕುತ್ತೇನೆ.